ಒಂದೇ ಆಟಕ್ಕೆ ‘ಬಹಳ ಸುಲಭ’, ‘ಆಗುವುದೇ ಇಲ್ಲ’ ಎಂಬ ಎರಡೂ ಅಭಿಪ್ರಾಯ: ಯಾವುದನ್ನು ನಂಬಿ ತಿದ್ದಲಿ?

ಅಟ್ಟದ ಬೆಕ್ಕು, ಶಿರಸಿ

ಎಲ್ಲರಿಗೂ ನಮಸ್ಕಾರ. ಡೌನ್‌ಲೋಡ್ ಮಾಡಿಕೊಳ್ಳುವ ಗೋಜಿಲ್ಲದೆ ಬ್ರೌಸರಿನಲ್ಲೇ ಆಡಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಸಬಹುದಾದ ಕನ್ನಡದ ಒಗಟಿನ ಆಟವೊಂದನ್ನು ಕಳೆದ ಮಳೆಗಾಲದಲ್ಲಿ, ಕರೆಂಟು ಇದ್ದ ಹೊತ್ತು ನೋಡಿಕೊಂಡು, ಒಬ್ಬಳೇ ಕುಳಿತು ಮಾಡಿದೆ. ಕಥೆ ದೊಡ್ಡದೇನಲ್ಲ. ಮಳೆಯ ರಾತ್ರಿ ಅಜ್ಜನ ಮನೆಗೆ ಬಂದ ಮೊಮ್ಮಗಳಿಗೆ ಅಲ್ಲಿ ಯಾರೂ ಕಾಣಿಸುವುದಿಲ್ಲ. ಅಟ್ಟದ ಮೇಲೆ ಮಾತ್ರ ಏನೋ ಸದ್ದಾಗುತ್ತಿರುತ್ತದೆ. ಜಗಲಿಯಲ್ಲಿ ಗೋಡೆ ಗಡಿಯಾರ ಎಷ್ಟು ಬಾರಿ ಬಡಿಯಿತೆಂದು ಎಣಿಸಿ ಬಾಗಿಲಿನ ಬೀಗ ತೆಗೆಯಬೇಕು. ನಡುಮನೆಯ ಕತ್ತಲಲ್ಲಿ ಗೋಡೆಯ ಗೂಡಿನೊಳಗಿರುವ ಬೆಂಕಿಪೆಟ್ಟಿಗೆಯನ್ನು ಹುಡುಕಿ ದೀಪ ಹಚ್ಚಬೇಕು. ಅಡುಗೆಮನೆಯ ನಾಗಂದಿಗೆಯಿಂದ ಭರಣಿಯನ್ನು ಕೆಳಗಿಳಿಸಿ, ಅದಕ್ಕೆ ಅಂಟಿಸಿದ ಚೀಟಿಯ ಒಗಟಿಗೆ ಉತ್ತರ ಬರೆದರೆ ಅಟ್ಟದ ಏಣಿ ಸಿಗುತ್ತದೆ. ಕೊನೆಗೆ ಅಟ್ಟದಲ್ಲಿರುವ ಮರದ ಪೆಟ್ಟಿಗೆಯ ಮುಚ್ಚಳದಲ್ಲಿ, ಒಂಬತ್ತು ಮನೆಗಳ ನಡುವೆ ಎಂಟು ತುಂಡುಗಳನ್ನು ಸರಿಸುತ್ತ ಕೆತ್ತನೆಯ ಚಿತ್ರವನ್ನು ಕೂಡಿಸಬೇಕು.

ಆಟದ ಕೊನೆಯಲ್ಲೂ ಮೊದಲ ಪುಟದಲ್ಲೂ ಅಭಿಪ್ರಾಯ ಬರೆಯಲು ಜಾಗ ಕೊಟ್ಟಿದ್ದೆ. ಮೂರು ವಾರದಲ್ಲಿ 37 ಮಂದಿ ಬರೆದಿದ್ದಾರೆ. ಅಷ್ಟು ಜನ ಆಡಿದರೆಂಬ ಸಂತೋಷ ಎರಡು ದಿನವೂ ಉಳಿಯಲಿಲ್ಲ, ಏಕೆಂದರೆ ಅವರ ಮಾತುಗಳನ್ನು ಒಟ್ಟಿಗೆ ಓದಿದರೆ ಅವರೆಲ್ಲ ಆಡಿದ್ದು ಒಂದೇ ಆಟವೇ ಎಂಬ ಸಂಶಯ ಬರುತ್ತದೆ. ‘ಚಿಕ್ಕ ಮಕ್ಕಳೂ ಮುಗಿಸುವಷ್ಟು ಸುಲಭ’ ಎಂದು ಒಂಬತ್ತು ಮಂದಿ ಬರೆದಿದ್ದರೆ, ‘ಎರಡನೇ ಕೋಣೆಯಲ್ಲಿ ಸಿಕ್ಕಿಬಿದ್ದೆ, ಏನು ಮಾಡಿದರೂ ಮುಂದೆ ಹೋಗುತ್ತಿಲ್ಲ’ ಎಂದು ಹನ್ನೊಂದು ಮಂದಿ ಬರೆದಿದ್ದಾರೆ. ಪೆಟ್ಟಿಗೆಯ ಚಿತ್ರದಲ್ಲಿ ಎರಡು ತುಂಡು ಎಷ್ಟು ಸರಿಸಿದರೂ ಅದಲುಬದಲಾಗಿಯೇ ಉಳಿಯುತ್ತವೆ ಎಂಬುದು ಕೆಲವರ ದೂರು. ಚಿತ್ರ ಪೂರ್ತಿ ಕೂಡಿದರೂ ಪೆಟ್ಟಿಗೆ ತೆರೆಯಲಿಲ್ಲ ಎಂಬುದು ಬೇರೆ ಕೆಲವರ ದೂರು. ಒಗಟಿನ ಉತ್ತರ ‘ಮುರುಗಲು’. ಎಲ್ಲರಿಗೂ ಆ ಹೆಸರು ಗೊತ್ತಿರಲಿಕ್ಕಿಲ್ಲವೆಂದು ‘ಕೋಕಂ’ ಎಂದು ಬರೆದರೂ ಒಪ್ಪುವಂತೆ ಮಾಡಿದ್ದೆ. ಆದರೂ ಸರಿಯುತ್ತರ ಬರೆದರೆ ತಪ್ಪೆನ್ನುತ್ತದೆ ಎಂದು ನಾಲ್ವರು ಸಿಟ್ಟಿನಿಂದಲೇ ಹೇಳಿದ್ದಾರೆ. ‘ಏಳಕ್ಷರದ ಹಣ್ಣು ಯಾವುದು?’ ಎಂದಷ್ಟೇ ಒಬ್ಬರು ಕೇಳಿದ್ದಾರೆ. ಅದು ನನಗೆ ಅರ್ಥವೇ ಆಗಲಿಲ್ಲ. ‘ಗಡಿಯಾರ ಬಡಿಯುವುದೇ ಇಲ್ಲ’ ಎಂದು ಇಬ್ಬರು ಬರೆದಿದ್ದಾರೆ. ನನ್ನ ಕಂಪ್ಯೂಟರಿನಲ್ಲಿ ಇವು ಯಾವುವೂ ಆಗುವುದಿಲ್ಲ.

ಸೊಸೈಟಿಯ ಅಡಿಕೆ ಟೆಂಡರಿನಲ್ಲಿ ಕನಿಷ್ಠ, ಗರಿಷ್ಠ, ಸರಾಸರಿ ದರ ಹಾಕುವ ಹಾಗೆ ಇದಕ್ಕೂ ಒಂದು ಸರಾಸರಿ ತೆಗೆ ಎಂದು ನಮ್ಮ ಮಾವ ತಮಾಷೆ ಮಾಡಿದರು. ಸರಾಸರಿ ತೆಗೆದರೆ ಆಟ ಸುಲಭವೂ ಅಲ್ಲ, ಕಷ್ಟವೂ ಅಲ್ಲ, ಆದ್ದರಿಂದ ಏನನ್ನೂ ಮುಟ್ಟಬೇಕಾಗಿಲ್ಲ ಎಂದಾಗುತ್ತದೆ. ನಡುಮನೆಯನ್ನು ಸುಲಭ ಮಾಡಿ, ಪೆಟ್ಟಿಗೆಯ ಚಿತ್ರವನ್ನು ತೆಗೆದೇ ಹಾಕೋಣವೆಂದು ಸದ್ಯಕ್ಕೆ ಯೋಚಿಸಿದ್ದೇನೆ. ಇಂಥ ಆಟಗಳನ್ನು ಮಾಡಿದವರು, ಹೆಚ್ಚು ಆಡಿದವರು ದಯವಿಟ್ಟು ತಿಳಿಸಿ: ಆಟಗಾರರ ಇಂಥ ಮಾತುಗಳನ್ನು ಓದುವುದು ಹೇಗೆ?

ಸದಾಶಿವಗಡ, ಕಾರವಾರ

ನಿಮ್ಮ ಆಟವನ್ನು ನಿನ್ನೆ ರಾತ್ರಿ ಎರಡು ಬಾರಿ ಆಡಿದೆ. ಚಿತ್ರವನ್ನು ದಯವಿಟ್ಟು ತೆಗೆಯಬೇಡಿ. ಅದು ಕಷ್ಟವಾಗಿರುವುದಲ್ಲ, ಆಡಿದವರಲ್ಲಿ ಅರ್ಧದಷ್ಟು ಜನರಿಗೆ ಅಸಾಧ್ಯವಾಗಿದೆ. ಎರಡು ದೂರುಗಳೂ ನಿಜ. ಅವುಗಳ ಮೂಲವೂ ಒಂದೇ.

ಎಂಟು ತುಂಡುಗಳನ್ನು ನೀವು ಯಾದೃಚ್ಛಿಕವಾಗಿ ಹಂಚುತ್ತಿದ್ದೀರಿ ಎಂದು ಕಾಣುತ್ತದೆ. ತುಂಡುಗಳಿಗೆ 1ರಿಂದ 8ರವರೆಗೆ ಸಂಖ್ಯೆ ಕೊಟ್ಟು, ಖಾಲಿ ಮನೆಯನ್ನು ಬಿಟ್ಟು, ಮೇಲಿನ ಸಾಲಿನಿಂದ ಓದುತ್ತ ಹೋಗಿ. ದೊಡ್ಡ ಸಂಖ್ಯೆ ಚಿಕ್ಕದಕ್ಕಿಂತ ಮೊದಲೇ ಬಂದಿರುವ ಜೋಡಿಗಳು ಎಷ್ಟಿವೆ ಎಂದು ಎಣಿಸಿ. ತುಂಡನ್ನು ಎಡಕ್ಕೋ ಬಲಕ್ಕೋ ಸರಿಸಿದರೆ ಓದುವ ಕ್ರಮ ಬದಲಾಗುವುದಿಲ್ಲ. ಮೇಲಕ್ಕೋ ಕೆಳಕ್ಕೋ ಸರಿಸಿದರೆ ಅದು ಸರಿಯಾಗಿ ಎರಡು ತುಂಡುಗಳನ್ನು ದಾಟುತ್ತದೆ. ಆದ್ದರಿಂದ ಜೋಡಿಗಳ ಲೆಕ್ಕ ಎರಡು ಏರುತ್ತದೆ, ಎರಡು ಇಳಿಯುತ್ತದೆ, ಇಲ್ಲವೇ ಇದ್ದಂತೆಯೇ ಇರುತ್ತದೆ. ಪೂರ್ತಿ ಕೂಡಿದ ಚಿತ್ರದ ಲೆಕ್ಕ ಸೊನ್ನೆ. ಹೀಗಾಗಿ ಬೆಸ ಲೆಕ್ಕದಿಂದ ಹೊರಟ ಚಿತ್ರ ವರ್ಷವಿಡೀ ಸರಿಸಿದರೂ ಸೊನ್ನೆಗೆ ಬರುವುದಿಲ್ಲ. ಒಂಬತ್ತು ಮನೆಗಳಲ್ಲಿ ಒಟ್ಟು 3,62,880 ಜೋಡಣೆಗಳು ಸಾಧ್ಯ. ಅವುಗಳಲ್ಲಿ 1,81,440 ಮಾತ್ರ ಬಿಡಿಸಲು ಬರುವಂಥವು. ಇದೇ ಆಟದ ಹದಿನೈದು ತುಂಡಿನ ದೊಡ್ಡಣ್ಣನ ಹುಚ್ಚು 1880ರಲ್ಲಿ ಅಮೆರಿಕದಲ್ಲಿ ಹಬ್ಬಿದ್ದ ಹೊತ್ತಿನಲ್ಲೇ ಜಾನ್ಸನ್ ಮತ್ತು ಸ್ಟೋರಿ ಎಂಬಿಬ್ಬರು ಗಣಿತಜ್ಞರು ಇದನ್ನು ಸಾಧಿಸಿ ತೋರಿಸಿದ್ದರು. ಆಮೇಲೆ ಒಗಟುಗಾರ ಸ್ಯಾಮ್ ಲಾಯ್ಡ್ 14 ಮತ್ತು 15ನ್ನು ಮಾತ್ರ ಅದಲುಬದಲು ಮಾಡಿಟ್ಟು, ಸರಿಪಡಿಸಿದವರಿಗೆ ಸಾವಿರ ಡಾಲರ್ ಬಹುಮಾನವೆಂದು ಸಾರಿದ. ಆ ಹಣ ತನ್ನ ಜೇಬಿನಿಂದ ಎಂದೂ ಹೊರಡದೆಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ನೀವು ತಿಳಿಯದೆ ಅದೇ ಬಹುಮಾನ ಘೋಷಿಸಿದ್ದೀರಿ.

ಇನ್ನು ‘ಕೂಡಿದರೂ ತೆರೆಯಲಿಲ್ಲ’ ಎಂದವರ ವಿಷಯ. ನಿಮ್ಮ ಕೆತ್ತನೆಯ ಚಿತ್ರದಲ್ಲಿ ಮೇಲಿನ ಎರಡು ಮೂಲೆಗಳು ಹೆಚ್ಚು ಕಡಿಮೆ ಒಂದೇ ಕಪ್ಪು. ಕಂಪ್ಯೂಟರಿನ ಪರದೆಯಲ್ಲಿ ಮರದ ಎಳೆ ತುಸು ಕಾಣುವುದರಿಂದ, ಅವು ಅದಲುಬದಲಾಗಿ ಉಳಿದದ್ದು ಕಣ್ಣಿಗೆ ಬೀಳುತ್ತದೆ. ಬೆಳಕು ತಗ್ಗಿಸಿದ ಫೋನಿನಲ್ಲಿ ಎರಡೂ ಒಂದೇ. ಬೆಸ ಲೆಕ್ಕದ ಚಿತ್ರ ಸಿಕ್ಕವರು ಆ ಎರಡು ಕಪ್ಪು ತುಂಡುಗಳನ್ನು ಅದಲುಬದಲಾಗಿ ಇಟ್ಟೇ ಉಳಿದದ್ದನ್ನೆಲ್ಲ ಕೂಡಿಸಬಲ್ಲರು. ಅವರ ಕಣ್ಣಿಗೆ ಚಿತ್ರ ಮುಗಿದಿದೆ, ಆದರೆ ನಿಮ್ಮ ಪ್ರೋಗ್ರಾಂ ಸಂಖ್ಯೆಗಳನ್ನು ನೋಡಿ ಇಲ್ಲವೆನ್ನುತ್ತದೆ. ಸಮ ಲೆಕ್ಕ ಸಿಕ್ಕವರು ಏನೂ ಅರಿಯದೆ ಮುಗಿಸಿ ‘ಸುಲಭ’ ಎಂದು ಬರೆದು ಹೋಗಿದ್ದಾರೆ.

ಪರಿಹಾರ ಸಣ್ಣದು. ಪೂರ್ತಿಯಾದ ಚಿತ್ರದಿಂದ ಹೊರಟು, ನಿಯಮದಂತೆಯೇ ನೂರಿನ್ನೂರು ಬಾರಿ ಸರಿಸಿ ಕೆಡಿಸಿ. ಆಗ ಬೆಸ ಲೆಕ್ಕ ಹುಟ್ಟುವುದೇ ಇಲ್ಲ. ಎಷ್ಟೇ ಕೆಡಿಸಿದರೂ 31 ಸರಿಸುವಿಕೆಗಿಂತ ಹೆಚ್ಚು ಬೇಕಾಗುವ ಸ್ಥಿತಿ ಈ ಅಳತೆಯ ಚಿತ್ರದಲ್ಲಿ ಇಲ್ಲವಾದ್ದರಿಂದ ಆಟ ಉದ್ದವಾದೀತೆಂಬ ಹೆದರಿಕೆಯೂ ಬೇಡ. ಮೂಲೆಗಳಿಗೆ ಒಂದು ಹೂವನ್ನೋ ಬಳ್ಳಿಯನ್ನೋ ಕೆತ್ತಿಬಿಡಿ.

ಗಡಿಯಾರದ ಮಾತು: ಪುಟ ತೆರೆದ ಕೂಡಲೇ ಸದ್ದು ಹೊರಡುವುದನ್ನು ಕ್ರೋಮ್ 2018ರಿಂದ ತಡೆಯುತ್ತದೆ, ಇತರ ಬ್ರೌಸರುಗಳಲ್ಲೂ ಇಂಥ ಕಟ್ಟುಪಾಡುಗಳಿವೆ. ಆಟಗಾರ ಒಮ್ಮೆ ಪರದೆಯನ್ನು ಮುಟ್ಟಿದ ಮೇಲಷ್ಟೇ ಧ್ವನಿಗೆ ಅಪ್ಪಣೆ. ‘ಆಟ ಆರಂಭಿಸಿ’ ಎಂಬ ಗುಂಡಿಯಿಟ್ಟು, ಅದನ್ನು ಒತ್ತಿದ ಬಳಿಕ ಬಡಿಯಲಿ. ಬಸ್ಸಿನಲ್ಲಿ ಧ್ವನಿ ಮುಚ್ಚಿ ಆಡುವವರಿಗೂ ಎಣಿಸಲು ಸಾಧ್ಯವಾಗುವಂತೆ, ಪ್ರತಿ ಬಡಿತಕ್ಕೂ ಲೋಲಕವನ್ನೊಮ್ಮೆ ಮಿನುಗಿಸಿದರೆ ಚೆನ್ನ.

ಗಂಗಾವಳಿ ದಂಡೆ, ಅಂಕೋಲಾ

‘ಏಳಕ್ಷರದ ಹಣ್ಣು’ ಎಂದು ಕೇಳಿದವರು ತಮಾಷೆ ಮಾಡಿಲ್ಲ. ಒಗಟಿನ ಕೆಳಗೆ ನಿಮ್ಮ ಆಟ ಏಳು ಖಾಲಿ ಮನೆಗಳನ್ನು ತೋರಿಸುತ್ತದೆ. ‘ಮುರುಗಲು’ ಎಂಬುದು ನಾಲ್ಕಕ್ಷರದ ಪದ. ಪದದ ಉದ್ದವನ್ನು ಪ್ರೋಗ್ರಾಮಿನಿಂದಲೇ ಕೇಳಿ ಪಡೆದಿರಬೇಕು. ಅದು ನಮ್ಮ ಅಕ್ಷರಗಳನ್ನು ಎಣಿಸುವುದಿಲ್ಲ, ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ: ಮಕಾರ ಒಂದು, ಅದರ ಕೊಂಬು ಇನ್ನೊಂದು, ರಕಾರ, ಮತ್ತೆ ಕೊಂಬು, ಗಕಾರ, ಲಕಾರ, ಕೊನೆಯ ಕೊಂಬು, ಹೀಗೆ ಏಳು. ಹಳ್ಳಿಯ ಶಾಲೆಯಲ್ಲಿ ಕಾಗುಣಿತ ಕಲಿತ ಯಾರೂ ಹಾಗೆ ಎಣಿಸುವುದಿಲ್ಲ. ಒಂದೇ ಒಂದು ಪದವಿರುವಾಗ ಇದಕ್ಕೆ ದೊಡ್ಡ ಉಪಾಯವೇನೂ ಬೇಡ, ‘ನಾಲ್ಕು’ ಎಂದು ಕೈಯಲ್ಲೇ ಬರೆದಿಡಿ. ಅಥವಾ ಮನೆಗಳನ್ನೇ ತೆಗೆಯಿರಿ, ಏಕೆಂದರೆ ‘ಕೋಕಂ’ ಎಂಬ ಎರಡಕ್ಷರದ ಉತ್ತರವನ್ನೂ ಒಪ್ಪುವವರು ನಾಲ್ಕು ಮನೆ ತೋರಿಸಿದರೆ ಅದೂ ದಾರಿ ತಪ್ಪಿಸಿದಂತೆಯೇ.

ಸರಿಯುತ್ತರವನ್ನು ತಪ್ಪೆನ್ನುವುದು ಇದಕ್ಕಿಂತ ಸೂಕ್ಷ್ಮ. ಓತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಒತ್ವದ ಚಿಹ್ನೆಗೆ ದೀರ್ಘದ ಗುರುತು ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರಾಗಿಯೂ ಬರೆಯಬಹುದು. ಪರದೆಯ ಮೇಲೆ ಮೂರೂ ‘ಕೋ’ ಎಂದೇ ಕಾಣುತ್ತವೆ. ಯಾವ ಕೀಲಿಮಣೆಯಿಂದ, ಯಾವ ಪರಿವರ್ತಕದಿಂದ ಪಠ್ಯ ಬಂದಿದೆ ಎಂಬುದರ ಮೇಲೆ ಒಳಗಿನ ರೂಪ ನಿಂತಿದೆ. ಹೋಲಿಸುವ ಮೊದಲು ಆಟಗಾರರ ಉತ್ತರವನ್ನೂ ನಿಮ್ಮ ಉತ್ತರವನ್ನೂ ಎನ್‌ಎಫ್‌ಸಿ ಎಂಬ ಒಂದೇ ಬಗೆಯ ಸಂಕೇತರೂಪಕ್ಕೆ ತಂದುಕೊಂಡರೆ ಮೂರೂ ಒಂದಾಗುತ್ತವೆ; ಜಾವಾಸ್ಕ್ರಿಪ್ಟಿನಲ್ಲಿ ಅದಕ್ಕೆ ನಾರ್ಮಲೈಸ್ ಎಂಬ ಸಿದ್ಧ ಸೌಲಭ್ಯವಿದೆ. ಇದಕ್ಕಿಂತ ಹೆಚ್ಚಾಗಿ ಕಾಡುವ ಇನ್ನೊಂದು ಸಂಗತಿಯೆಂದರೆ, ಫೋನಿನ ಕೀಲಿಮಣೆ ಸೂಚಿಸಿದ ಪದವನ್ನು ಒತ್ತಿದಾಗ ಕೊನೆಗೆ ತಾನಾಗಿ ಒಂದು ಖಾಲಿ ಜಾಗವನ್ನೂ ಸೇರಿಸುತ್ತದೆ. ನಾನು ಸಿಕ್ಕಿಕೊಂಡದ್ದು ಅದರಲ್ಲೇ: ಸರಿಯುತ್ತರವನ್ನು ಮೂರು ಬಾರಿ ಬರೆದೆ, ಮೂರು ಬಾರಿಯೂ ನಿಮ್ಮ ಭರಣಿ ನನ್ನನ್ನು ನೋಡಿ ‘ಅಲ್ಲ’ ಎಂದಿತು. ಮುಂದಿನ ಹಿಂದಿನ ಖಾಲಿ ಜಾಗಗಳನ್ನು ಕತ್ತರಿಸಿ, ‘ಕೋಕಮ್’ ಎಂದು ಬರೆದವರನ್ನೂ ಒಳಗೆ ಬಿಡಿ.

ಹೆಸರಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಘಟ್ಟದ ಮೇಲೆ ನಿಮಗೆ ಮುರುಗಲು. ಕರಾವಳಿಯ ಕೊಂಕಣಿ ಮನೆಗಳಲ್ಲಿ ಅದು ಭಿರಂಡ, ಒಣಗಿಸಿದ ಸಿಪ್ಪೆಗೆ ಸೋಲ ಎನ್ನುತ್ತಾರೆ. ಮಂಗಳೂರಿನ ಕಡೆಯವರಿಗೆ ಪುನರ್ಪುಳಿ. ಒಗಟನ್ನು ನಿಜವಾಗಿ ಬಿಡಿಸಿದ ಕಾರವಾರದವರು ‘ಭಿರಂಡ’ ಎಂದು ಬರೆದು ಸೋತರೆ ಅದು ಅವರ ಸೋಲಲ್ಲ. ಆ ಪೆಟ್ಟಿಗೆಗೆ ಬಂದು ಬಿದ್ದ ತಪ್ಪುತ್ತರಗಳನ್ನೆಲ್ಲ, ಬರೆದವರು ಯಾರೆಂಬುದನ್ನು ಬಿಟ್ಟು, ಒಂದು ಕಡೆ ಕೂಡಿಹಾಕುವಂತೆ ಮಾಡಿ ನೋಡಿ. ಅಭಿಪ್ರಾಯ ಬರೆಯದೆ ಹೋದವರ ಅಭಿಪ್ರಾಯವೂ ಅಲ್ಲಿ ಸಿಗುತ್ತದೆ.

ಅಘನಾಶಿನಿ ಮೇಷ್ಟ್ರು, ಕುಮಟಾ

ನಾನು ಪ್ರೋಗ್ರಾಂ ಬಲ್ಲವನಲ್ಲ. ಆದರೆ ಶನಿವಾರ ತರಗತಿ ಮುಗಿದ ಮೇಲೆ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮೂವರು ವಿದ್ಯಾರ್ಥಿಗಳನ್ನು ಕೂರಿಸಿ, ಇನ್ನೂ ಮೂವರಿಗೆ ನನ್ನ ಹಾಗೂ ಸಹೋದ್ಯೋಗಿಗಳ ಫೋನುಗಳನ್ನು ಕೊಟ್ಟು ನಿಮ್ಮ ಆಟವನ್ನು ಆಡಿಸಿದೆ. ಬಾಯಿ ಬಿಡದೆ ಹಿಂದೆ ನಿಲ್ಲುವುದು ಮೇಷ್ಟರ ಜಾತಿಗೆ ಎಷ್ಟು ಕಷ್ಟವೆಂದು ಅಂದು ತಿಳಿಯಿತು. ‘ಈಗ ಏನು ಮಾಡಬೇಕು ಸರ್’ ಎಂದು ಕೇಳಿದಾಗಲೆಲ್ಲ ‘ನಿನಗೇನು ಅನ್ನಿಸುತ್ತದೆ, ಗಟ್ಟಿಯಾಗಿ ಹೇಳು’ ಎಂದಷ್ಟೇ ಅಂದೆ.

ಕಂಪ್ಯೂಟರಿನ ಮೂವರೂ ನಡುಮನೆಯನ್ನು ಒಂದೆರಡು ನಿಮಿಷದಲ್ಲಿ ದಾಟಿದರು. ಫೋನಿನ ಮೂವರಲ್ಲಿ ಒಬ್ಬಳೂ ದಾಟಲಿಲ್ಲ. ಮೊದಲಿಗೆ ನನಗೂ ಕಾರಣ ಹೊಳೆಯಲಿಲ್ಲ, ಮಕ್ಕಳ ಬುದ್ಧಿಯ ವ್ಯತ್ಯಾಸವೆಂದೇ ತಿಳಿದೆ. ಆಮೇಲೆ ಜಾಗ ಬದಲಿಸಿ ಕೂರಿಸಿ, ಕೈಗಳನ್ನೇ ನೋಡುತ್ತ ನಿಂತಾಗ ತಿಳಿಯಿತು. ಕಂಪ್ಯೂಟರಿನ ಮಕ್ಕಳು ಚಿತ್ರವನ್ನು ನೋಡುತ್ತಲೇ ಇರಲಿಲ್ಲ. ಗದ್ದೆಗೆ ಹಲಗೆ ಹೊಡೆದ ಹಾಗೆ ಮೌಸನ್ನು ಪರದೆಯ ತುಂಬ ಎಳೆಯುತ್ತಿದ್ದರು. ಗೂಡಿನ ಮೇಲೆ ಬಂದ ಕೂಡಲೇ ಬಾಣದ ಗುರುತು ಕೈಯ ಆಕಾರವಾಗುತ್ತದೆ, ಅಲ್ಲಿ ಒತ್ತುತ್ತಾರೆ, ಬೆಂಕಿಪೆಟ್ಟಿಗೆ ಸಿಗುತ್ತದೆ. ಕತ್ತಲೆಯ ಒಗಟನ್ನು ಅವರು ಬಿಡಿಸಿರಲೇ ಇಲ್ಲ. ಫೋನಿನಲ್ಲಿ ಬೆರಳು ಮುಟ್ಟುವುದಕ್ಕೆ ಮುಂಚೆ ಪರದೆಗೆ ಏನೂ ತಿಳಿಯದು. ಕೈಯ ಗುರುತೂ ಇಲ್ಲ. ಕಪ್ಪು ಗೋಡೆಯಲ್ಲಿರುವ ಕಪ್ಪು ಗೂಡನ್ನು ಆ ಮಕ್ಕಳು ಕಣ್ಣಿನಿಂದಲೇ ಕಾಣಬೇಕಾಗಿತ್ತು. ಸುಲಭ ಎಂದ ನಿಮ್ಮ ಒಂಬತ್ತು ಮಂದಿ ಮತ್ತು ಸಿಕ್ಕಿಬಿದ್ದ ಹನ್ನೊಂದು ಮಂದಿಯನ್ನು ಒಮ್ಮೆ ಯಾವುದರಲ್ಲಿ ಆಡಿದಿರಿ ಎಂದು ಕೇಳಿ ನೋಡಿ.

ಗೂಡು ಬಹಳ ಚಿಕ್ಕದೂ ಆಗಿದೆ. ಸರಿಯಾಗಿ ಅದರ ಪಕ್ಕದಲ್ಲಿ ಮುಟ್ಟಿದ ಹುಡುಗಿ ‘ಇಲ್ಲಿ ಏನೂ ಇಲ್ಲ’ ಎಂದು ಗಟ್ಟಿಯಾಗಿ ಹೇಳಿ ಮತ್ತೆ ಆ ಕಡೆ ಹೋಗಲೇ ಇಲ್ಲ. ಜಾಲತಾಣಗಳ ಸುಗಮ್ಯತೆಗಾಗಿ ಇರುವ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿಯಲ್ಲಿ ಮುಟ್ಟುವ ಜಾಗಕ್ಕೆ ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಎಂದಿದೆ. ಇನ್ನೂ ಬಿಗಿಯಾದ ಮಟ್ಟಕ್ಕೆ 44 ಎಂದಿದೆ. ಇದನ್ನು ನನಗೆ ಹೇಳಿದ್ದು ನನ್ನ ಮಗಳು. ಚಿತ್ರದಲ್ಲಿ ಗೂಡು ಚಿಕ್ಕದಾಗಿಯೇ ಇರಲಿ, ಅದರ ಸುತ್ತ ಮುಟ್ಟಿದರೂ ಸಾಕು ಎಂದು ಮಾಡಬಹುದಂತೆ.

ಇನ್ನೊಂದನ್ನು ಹೇಳಬೇಕು. ಏಣಿಯ ಬಾಗಿಲಿನ ಕೆಂಪು ದಾರ, ಹಸಿರು ದಾರಗಳಲ್ಲಿ ಒಂದನ್ನು ಎಳೆಯಬೇಕಾದಲ್ಲಿ ಒಬ್ಬ ಹುಡುಗ ಪ್ರತಿಸಲವೂ ಊಹಿಸಿಯೇ ಎಳೆದ. ಕೆಂಪು ಹಸಿರು ಬೇರ್ಪಡಿಸಲಾಗದ ದೃಷ್ಟಿ ಹುಡುಗಿಯರಿಗಿಂತ ಹುಡುಗರಲ್ಲೇ ಹೆಚ್ಚು. ಅದರ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದೇ ಕಾರಣ. ಆ ಹುಡುಗನಿಗೆ ಅದು ಇದೆಯೋ ಇಲ್ಲವೋ ವೈದ್ಯರು ಹೇಳಬೇಕು, ಮನೆಯವರಿಗೆ ತಿಳಿಸಿದ್ದೇನೆ. ನೀವು ಒಂದು ದಾರಕ್ಕೆ ಗಂಟು ಹಾಕಿಬಿಡಿ, ಸಾಕು.

ಶರಾವತಿ ಕಡವು, ಹೊನ್ನಾವರ

ತಂಗೀ, ಮೇಲಿನ ಮೂವರು ಹೇಳಿದ್ದನ್ನು ಮಾಡು, ಆದರೆ ಎಲ್ಲವನ್ನೂ ನುಣ್ಣಗೆ ಮಾಡಲು ಹೋಗಬೇಡ. ತಕಾಗಿಯವರ ‘ಕ್ರಿಮ್ಸನ್ ರೂಮ್’ ಬಂದ 2004ರಿಂದಲೂ ನಾನು ಈ ಕೋಣೆಯಿಂದ ಪಾರಾಗುವ ಆಟಗಳ ಹಿಂದೆ ಬಿದ್ದವನು. ಆಗ ನಮ್ಮೂರಿನ ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕುಳಿತು, ಒಂದು ಉಂಗುರ ಹಾಸಿಗೆಯ ಮೂಲೆಯಲ್ಲಿ ಅಡಗಿದೆಯೋ ಕಿಟಕಿಯ ಪರದೆಯ ಹಿಂದಿದೆಯೋ ಎಂದು ಹುಡುಕುತ್ತ ಕಳೆದ ದುಡ್ಡಿನ ಲೆಕ್ಕ ಮನೆಯವರಿಗೆ ಇಂದಿಗೂ ಗೊತ್ತಿಲ್ಲ. ಆ ಆಟಗಳೆಲ್ಲ ಬ್ರೌಸರಿನೊಳಗೆ ಓಡುತ್ತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶದ ಮೇಲೆ ನಿಂತಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿಯವರು ಅದಕ್ಕೆ ಬೆಂಬಲ ನಿಲ್ಲಿಸಿದರು, 2021ರ ಜನವರಿ 12ರಿಂದ ಅದರೊಳಗೆ ಏನೂ ಓಡದಂತೆಯೂ ಮಾಡಿದರು. ರಫಲ್ ಎಂಬ ತಂತ್ರಾಂಶದಿಂದ ಕೆಲವು ಈಗಲೂ ಓಡುತ್ತವೆ.

ನನ್ನ ಅನುಭವದಲ್ಲಿ ಸಿಕ್ಕಿಬೀಳುವುದರಲ್ಲಿ ಎರಡು ಬಗೆ. ಕೈಯಲ್ಲಿ ಕೀಲಿಯಿದೆ, ಬೀಗ ಯಾವುದೆಂದು ಗೊತ್ತಿಲ್ಲ. ಇಂಥ ಸಿಕ್ಕನ್ನು ತಲೆಯಲ್ಲಿಟ್ಟುಕೊಂಡೇ ಊಟ ಮಾಡಿ, ಸ್ನಾನ ಮಾಡಿ, ಸ್ನಾನದ ನಡುವೆ ಹೊಳೆದು ಒದ್ದೆ ಕೈಯಲ್ಲಿ ಓಡಿ ಬಂದದ್ದುಂಟು. ಇದಕ್ಕಾಗಿಯೇ ನಾವು ಆಡುವುದು. ಇನ್ನೊಂದು, ಏನನ್ನು ಹುಡುಕಬೇಕೆಂಬುದೇ ತಿಳಿಯದ ಸಿಕ್ಕು. ಅಲ್ಲಿ ಆಟಗಾರ ಯೋಚಿಸುವುದನ್ನು ಬಿಟ್ಟು ಪರದೆಯನ್ನೆಲ್ಲ ಕುಟ್ಟತೊಡಗುತ್ತಾನೆ. ದೂರು ಬರೆಯುವಾಗ ಇಬ್ಬರೂ ‘ಕಷ್ಟ’ ಎಂದೇ ಬರೆಯುತ್ತಾರೆ. ಮೇಷ್ಟರ ಮಾತಿಗೆ ನನ್ನ ಆಕ್ಷೇಪವೂ ಇಲ್ಲೇ ಇದೆ: ಆಡು ಎಂದು ಕೂರಿಸಿದ ಮಕ್ಕಳಿಗೆ ಬಿಟ್ಟು ಏಳುವ ಸ್ವಾತಂತ್ರ್ಯವಿಲ್ಲ, ತಾವಾಗಿ ಬಂದವರ ಹಠವೂ ಇಲ್ಲ. ಅವರ ಕೈಗಳನ್ನು ನೋಡಿ ಗೂಡನ್ನು ದೊಡ್ಡದು ಮಾಡಬಹುದು. ಒಗಟು ಎಷ್ಟು ಆಳವಿರಬೇಕೆಂದು ಅವರಿಂದ ತೀರ್ಮಾನಿಸಲಾಗದು. ಕತ್ತಲೆಯನ್ನು ಉಳಿಸು. ಒಮ್ಮೆ ಮಿಂಚು ಹೊಡೆದು ಗೂಡು ಕ್ಷಣ ಮಾತ್ರ ಕಾಣಲಿ, ಆಮೇಲೆ ಮತ್ತೆ ಕತ್ತಲಾಗಲಿ.

ಸುಳಿವಿನ ಗುಂಡಿ ಇಡುವುದಾದರೆ ಒಂದೇ ಸಲ ಉತ್ತರ ಕೊಡಬೇಡ. ಎಂಬತ್ತರ ದಶಕದಲ್ಲಿ ಇನ್ಫೋಕಾಮ್ ಕಂಪನಿ ತನ್ನ ಪಠ್ಯದ ಸಾಹಸದಾಟಗಳಿಗೆ ‘ಇನ್ವಿಸಿಕ್ಲೂಸ್’ ಎಂಬ ಪುಸ್ತಿಕೆಗಳನ್ನು ಮಾರುತ್ತಿತ್ತು. ಸುಳಿವುಗಳು ಕಾಣದ ಶಾಯಿಯಲ್ಲಿ ಅಚ್ಚಾಗಿರುತ್ತಿದ್ದವು. ಜೊತೆಗೆ ಕೊಟ್ಟ ಪೆನ್ನನ್ನು ಉಜ್ಜಿದಷ್ಟೇ ಕಾಣುತ್ತಿತ್ತು, ಮೊದಲನೆಯದು ಹಗುರ ಸೂಚನೆ, ಕೊನೆಯದು ಪೂರ್ತಿ ಉತ್ತರ. ನಿನ್ನ ನಡುಮನೆಗೆ ಹಾಗೆ ಮಾಡುವುದಾದರೆ, ‘ಅಜ್ಜ ಕರೆಂಟು ಹೋದಾಗ ಮೊದಲು ಎಲ್ಲಿಗೆ ಕೈ ಹಾಕುತ್ತಿದ್ದ?’ ಎಂಬುದು ಮೊದಲ ಸುಳಿವಾಗಲಿ. ಯಾರು ಎಷ್ಟನೆಯ ಸುಳಿವಿನವರೆಗೆ ಹೋದರು ಎಂಬುದನ್ನು ಎಣಿಸಿದರೆ ಅದೂ ಒಂದು ಅಭಿಪ್ರಾಯ.

ಆಡುವವರ ಕಡೆಯಿಂದಲೂ ಒಂದು ಮಾತು. ಆಟವೊಂದರಲ್ಲಿ ಕೀಲಿ ನೆಲದೊಳಗೆ ಮಾಯವಾಗುತ್ತದೆ ಎಂದು ನಾನೊಮ್ಮೆ ಬರೆದಾಗ, ಅದನ್ನು ಮಾಡಿದವರು ‘ನಮ್ಮಲ್ಲಿ ಹಾಗಾಗುವುದಿಲ್ಲ’ ಎಂದು ಉತ್ತರಿಸಿ ಮಾತು ಮುಗಿಸಿದರು. ಆಮೇಲೆ ಅವರಿಗೆ ನಾನು ಏನನ್ನೂ ಬರೆಯಲಿಲ್ಲ, ಅವರ ಆಟವನ್ನೂ ಆಡಲಿಲ್ಲ. ‘ನನ್ನ ಕಂಪ್ಯೂಟರಿನಲ್ಲಿ ಇವು ಯಾವುವೂ ಆಗುವುದಿಲ್ಲ’ ಎಂದು ನೀನೂ ಮೇಲೆ ಬರೆದಿದ್ದೀಯ. ಆಟಗಾರರಿಗೆ ಮಾತ್ರ ಹಾಗೆ ಬರೆಯಬೇಡ. ಇನ್ನು ‘ಹತ್ತು ಕೋಣೆ ಮಾಡಿ’, ‘ಗಡುವು ಇಡಿ’, ‘ದೆವ್ವ ತನ್ನಿ’ ಎನ್ನುವವರಿಗೆ ನಮಸ್ಕಾರ ಹೇಳಿ ಮುಂದೆ ಹೋಗು. ಅವರು ಕೇಳುತ್ತಿರುವುದು ಬೇರೆ ಆಟವನ್ನು.

ಅಟ್ಟದ ಬೆಕ್ಕು, ಶಿರಸಿ

ಎಲ್ಲರಿಗೂ ಧನ್ಯವಾದ. ಒಂದು ವಾರ ಉತ್ತರಿಸದೆ ಇದ್ದದ್ದಕ್ಕೆ ಕ್ಷಮಿಸಿ, ತಿದ್ದುತ್ತಿದ್ದೆ.

ಸದಾಶಿವಗಡ ಅವರ ಲೆಕ್ಕ ಸರಿಯಾಗಿಯೇ ಇತ್ತು. ಹಳೆಯ ಹಂಚಿಕೆಯನ್ನು ಸಾವಿರ ಬಾರಿ ಓಡಿಸಿ ಎಣಿಸಿದೆ. ಅರ್ಧದ ಆಸುಪಾಸಿನಲ್ಲಿ ಬೆಸವೇ ಬಂತು. ನಾನು ಪರೀಕ್ಷಿಸುವಾಗ ಸಮಯ ಉಳಿಸಲೆಂದು ಪ್ರತಿಸಲವೂ ಒಂದೇ ಜೋಡಣೆಯಿಂದ ಆಡುತ್ತಿದ್ದೆ, ಅದು ಸಮವಾಗಿತ್ತು. ಚಿತ್ರ ಉಳಿಯಿತು, ಮೂಲೆಗಳಲ್ಲಿ ಈಗ ವೀಳ್ಯದ ಬಳ್ಳಿಯಿದೆ. ಲೋಲಕ ಮಿನುಗುತ್ತದೆ. ಏಳು ಮನೆಗಳು ಹೋದವು. ತಪ್ಪುತ್ತರಗಳನ್ನು ಕೂಡಿಹಾಕಿದ ಐದೇ ದಿನದಲ್ಲಿ ಭಿರಂಡ, ಪುನರ್ಪುಳಿ, ಬಿರಿಂಡಾ, ಕೊಕಮ್ ಎಲ್ಲ ಬಂದವು. ‘ಅಜ್ಜಿ’ ಎಂದು ಬರೆದವರೂ ಒಬ್ಬರಿದ್ದಾರೆ, ಅವರನ್ನೂ ಒಳಗೆ ಬಿಡೋಣವೆಂದು ಮನಸ್ಸಾಯಿತು.

ಮೇಷ್ಟ್ರು ಹೇಳಿದಂತೆ, ಅಭಿಪ್ರಾಯ ಬರೆದವರಲ್ಲಿ ಸಂಪರ್ಕಕ್ಕೆ ಸಿಕ್ಕ ಹದಿನಾಲ್ಕು ಮಂದಿಯನ್ನು ಯಾವುದರಲ್ಲಿ ಆಡಿದಿರಿ ಎಂದು ಕೇಳಿದೆ. ಸುಲಭ ಎಂದವರಲ್ಲಿ ಉತ್ತರಿಸಿದ ಆರೂ ಮಂದಿ ಕಂಪ್ಯೂಟರಿನವರು. ಸಿಕ್ಕಿಬಿದ್ದ ಎಂಟು ಮಂದಿಯಲ್ಲಿ ಏಳು ಜನ ಫೋನಿನವರು. ನಡುಮನೆಯಲ್ಲಿ ಈಗ ಮಿಂಚು ಹೊಡೆಯುತ್ತದೆ, ಕೈಯ ಗುರುತನ್ನು ಕಂಪ್ಯೂಟರಿನಲ್ಲೂ ತೆಗೆದಿದ್ದೇನೆ. ಇಬ್ಬರೂ ಒಂದೇ ಕತ್ತಲಲ್ಲಿ ಹುಡುಕಲಿ. ಎರಡನೇ ಕೋಣೆಯ ದೂರು ಇದರಿಂದ ಮುಗಿಯಿತೆಂದು ತಿಳಿದಿದ್ದೇನೆ. ಶರಾವತಿ ಕಡವಿನ ಅಣ್ಣ ಹೇಳಿದ ಹಂತ ಹಂತದ ಸುಳಿವು ಇನ್ನೂ ಬರೆಯಬೇಕು.

ಕಾಲುಸಂಕ, ಯಲ್ಲಾಪುರ

‘ಎರಡನೇ ಕೋಣೆಯಲ್ಲಿ ಸಿಕ್ಕಿಬಿದ್ದೆ’ ಎಂದು ಬರೆದವರಲ್ಲಿ ನಾನೂ ಒಬ್ಬ. ಹೊಸ ಆವೃತ್ತಿಯನ್ನು ಈಗ ಆಡಿದೆ, ಮಿಂಚು ಬಹಳ ಚೆನ್ನಾಗಿದೆ. ಆದರೆ ನಾನು ಇನ್ನೂ ಅಲ್ಲೇ ಇದ್ದೇನೆ. ಜಗಲಿಯನ್ನು ಕೋಣೆಯೆಂದು ನಮ್ಮ ಮನೆಯಲ್ಲಿ ಯಾರೂ ಎಣಿಸುವುದಿಲ್ಲವಾದ್ದರಿಂದ ನನ್ನ ಲೆಕ್ಕಕ್ಕೆ ಮೊದಲ ಕೋಣೆ ನಡುಮನೆ, ಎರಡನೆಯದು ಅಡುಗೆಮನೆ. ನನಗೆ ನಡುಮನೆಯಲ್ಲಿ ತೊಂದರೆಯೇ ಆಗಿರಲಿಲ್ಲ.

ಅಡುಗೆಮನೆಯಲ್ಲಿ ನಾಗಂದಿಗೆಯ ಮೇಲಿನ ಭರಣಿಯನ್ನು ಬೆರಳಿನಿಂದ ಕೆಳಕ್ಕೆ ಎಳೆಯಬೇಕಷ್ಟೆ. ನಾಗಂದಿಗೆ ಪರದೆಯ ತುದಿಯಲ್ಲಿದೆ. ನನ್ನದು ಆಂಡ್ರಾಯ್ಡ್ ಫೋನು, ಕ್ರೋಮ್ ಬ್ರೌಸರು. ಭರಣಿಯನ್ನು ಕೆಳಕ್ಕೆ ಎಳೆದ ಕೂಡಲೇ ಮೇಲಿನಿಂದ ವೃತ್ತಾಕಾರದ ಬಾಣವೊಂದು ಇಳಿದು ಬಂದು ಪುಟವೇ ಹೊಸದಾಗಿ ತೆರೆದುಕೊಳ್ಳುತ್ತದೆ. ಮತ್ತೆ ಜಗಲಿ, ಮತ್ತೆ ಗಡಿಯಾರ. ಇದು ಆಟದ ಒಂದು ತಿರುವೇ ಇರಬಹುದು, ಭರಣಿ ಮುಟ್ಟಿದವರನ್ನು ಅಜ್ಜನ ಮನೆ ಹೊರಗೆ ಹಾಕುತ್ತದೆ ಎಂದು ಎರಡು ದಿನ ನಂಬಿದ್ದೆ.

ಸದಾಶಿವಗಡ, ಕಾರವಾರ

ಅದು ಆಟದ ತಿರುವಲ್ಲ. ಕೆಳಗೆ ಎಳೆದರೆ ಪುಟವನ್ನು ಹೊಸದು ಮಾಡುವ ಬ್ರೌಸರಿನ ಅಭ್ಯಾಸ. ಆಟದ ಚೌಕಟ್ಟಿನಲ್ಲಿ ಬೆರಳಿನ ಎಳೆತವನ್ನು ಬ್ರೌಸರಿಗೆ ಬಿಟ್ಟುಕೊಡದಂತೆ, ಪುಟದ ರೂಪವನ್ನು ಹೇಳುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಎರಡು ಸಾಲು ಬರೆದರೆ ನಿಲ್ಲುತ್ತದೆ: ಒಂದು ಟಚ್ ಆ್ಯಕ್ಷನ್, ಇನ್ನೊಂದು ಓವರ್‌ಸ್ಕ್ರೋಲ್ ಬಿಹೇವಿಯರ್. ಎಲ್ಲಿಯವರೆಗೆ ಆಡಿದ್ದಾರೆಂಬುದನ್ನು ಪ್ರತಿ ಬಾಗಿಲು ತೆರೆದಾಗಲೂ ಬ್ರೌಸರಿನಲ್ಲಿ ಉಳಿಸಿಡುವುದೂ ಒಳ್ಳೆಯದು. ಐಫೋನಿನ ಸಫಾರಿಯಲ್ಲಿ, ಏಳು ದಿನಗಳ ಬಳಕೆಯ ನಡುವೆ ಒಮ್ಮೆಯೂ ನಿಮ್ಮ ಪುಟದ ಕಡೆ ಬಾರದವರ ಉಳಿಕೆ ಅಳಿಸಿಹೋಗುತ್ತದೆ, ಅಷ್ಟು ಗಮನವಿರಲಿ.

ಅಟ್ಟದ ಬೆಕ್ಕು, ಶಿರಸಿ

ಕಾಲುಸಂಕ ಅವರೇ, ಕ್ಷಮಿಸಿ. ನನ್ನ ಲೆಕ್ಕದಲ್ಲಿ ಜಗಲಿ ಒಂದನೆಯ ಕೋಣೆಯೇ ಆಗಿತ್ತು, ಬೇರೆಯವರು ಬೇರೆ ರೀತಿ ಎಣಿಸಿಯಾರೆಂದು ಹೊಳೆಯಲಿಲ್ಲ. ಭರಣಿಯನ್ನು ಇಂದು ರಾತ್ರಿಯೇ ಸರಿಪಡಿಸುತ್ತೇನೆ. ಫೋನಿನವರಲ್ಲದ ಆ ಎಂಟನೆಯವರನ್ನೂ ಮತ್ತೊಮ್ಮೆ ಕೇಳಬೇಕಾಗಿದೆ. ಇಲ್ಲಿ ಇನ್ನು ಮುಂದೆ ಬರೆಯುವವರು ದಯವಿಟ್ಟು ಕೋಣೆಯ ಸಂಖ್ಯೆಯ ಬದಲು ಹೆಸರನ್ನೇ ಬರೆಯಿರಿ: ಜಗಲಿ, ನಡುಮನೆ, ಅಡುಗೆಮನೆ, ಅಟ್ಟ.